ಸರಕು ಮೋಟಾರಿನ ಮುಂಚಕ್ರಗಳ ಸವೆದ ಭಾಗಗಳನ್ನು ಬದಲಾಯಿಸುವ ವಿಷಯ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಫಸಲನ್ನು ಮಾರುಕಟ್ಟೆಗೆ ಸಾಗಿಸುವ ಕೆಲಸವು ಬಹುಮಟ್ಟಿಗೆ ಎತ್ತಿನ ಗಾಡಿಯಿಂದ ಪಿಕಪ್ ಎಂಬ ಸರಕು ಮೋಟಾರಿಗೆ ಬಂದಿರುವುದು ಸರ್ವರೂ ಬಲ್ಲ ವಿಷಯವೇ. ತುಮಕೂರಿಗೆ ಹೋಗುವ ಹುಣಿಸೆಹಣ್ಣು, ಚಳ್ಳಕೆರೆಯ ಎಣ್ಣೆ ಗಿರಣಿಗಳಿಗೆ ಹೋಗುವ ಕಡಲೆಕಾಯಿ, ಬೆಂಗಳೂರಿಗೆ ಹೋಗುವ ತರಕಾರಿ, ಎಲ್ಲವೂ ಇದರ ಮೇಲೆಯೇ. ಗಾಡಿಯ ಕಾಲದಲ್ಲಿ ಅಚ್ಚಿಗೆ ಕೀಲೆಣ್ಣೆ ಹಾಕದೆ, ಕಡಾಣಿಯನ್ನು ಮುಟ್ಟಿ ನೋಡದೆ ಸಂತೆಗೆ ಹೊರಡುವ ರೈತನು ವಿರಳ. ಈಗ ಎಂಜಿನ್ನಿನ ಎಣ್ಣೆಯನ್ನು ನೋಡುವವರುಂಟು. ಮುಂಚಕ್ರಗಳನ್ನು ಹಿಡಿದಿರುವ ಕೀಲುಗಳನ್ನು ನೋಡುವವರು ಕಡಮೆ.

ಮುಂಚಕ್ರವು ಭಾರವನ್ನೂ ಹೊರಬೇಕು, ದಾರಿಗೆ ತಕ್ಕಂತೆ ತಿರುಗಲೂ ಬೇಕು. ಆದಕಾರಣ ಅಲ್ಲಿನ ಕೀಲುಗಳು ಬೇಗ ಸವೆಯುತ್ತವೆ. ಕೆಲವು ಗಾಡಿಗಳಲ್ಲಿ ಎರಡು ಚಕ್ರಗಳಿಗೂ ಒಂದೇ ಅಚ್ಚಿದ್ದು, ಅದು ಸ್ಪ್ರಿಂಗು ಬ್ಲೇಡುಗಳ ಕಟ್ಟಿಗೆ ಯು-ಬೋಲ್ಟುಗಳಿಂದ ಬಿಗಿಯಲ್ಪಟ್ಟಿರುತ್ತದೆ. ಚಕ್ರವು ಕಿಂಗ್ ಪಿನ್ನಿನ ಮೇಲೆ ತಿರುಗುತ್ತದೆ. ಉಳಿದವುಗಳಲ್ಲಿ ಒಂದೊಂದು ಚಕ್ರಕ್ಕೂ ಪ್ರತ್ಯೇಕ ತೋಳುಗಳೂ ಬಾಲ್ ಜಾಯಿಂಟುಗಳೂ ಇರುತ್ತವೆ. ನಮ್ಮ ಸೀಮೆಯ ಧೂಳು ಇವೆರಡಕ್ಕೂ ಶತ್ರು. ರಬ್ಬರಿನ ಮುಸುಕು ಹರಿದ ಕೀಲಿನೊಳಗೆ ಮಣ್ಣು ಸೇರಿದರೆ ಗ್ರೀಸು ಅರಗಲ್ಲಿನಂತೆ ಕೆಲಸ ಮಾಡುತ್ತದೆ.

ಟೈರು ಒಂದೇ ಅಂಚಿನಲ್ಲಿ ಸವೆಯುವುದು, ಗಾಡಿ ಒಂದು ಪಕ್ಕಕ್ಕೆ ಎಳೆಯುವುದು, ಸ್ಟೀರಿಂಗು ಸಡಿಲವಾಗುವುದು, ಹಳ್ಳ ಸಿಕ್ಕಿದಲ್ಲೆಲ್ಲ ಕಟಕಟ ಎನ್ನುವುದು, ಇವು ಲಕ್ಷಣಗಳು. ಎರಡು ವರ್ಷಗಳ ಹಿಂದೆ ಕೊರಟಗೆರೆ ಕಡೆಯ ಒಂದು ಗ್ರಾಮದ ಬಳಿ, ಹುಣಿಸೆಹಣ್ಣು ತುಂಬಿದ ಗಾಡಿಯೊಂದರ ಬಾಲ್ ಜಾಯಿಂಟು ಕಳಚಿ, ಚಕ್ರವು ಮಡಿಸಿಕೊಂಡು ಬಿದ್ದುದನ್ನು ನಾನು ಕಂಡೆನು. ವೇಗ ಕಡಮೆಯಿದ್ದುದರಿಂದ ಪ್ರಾಣಹಾನಿಯಾಗಲಿಲ್ಲ. ಶಬ್ದವು ಒಂದು ತಿಂಗಳಿಂದ ಇತ್ತೆಂದೂ, ಸುಗ್ಗಿ ಮುಗಿಯಲೆಂದು ಕಾದಿದ್ದೆನೆಂದೂ ಚಾಲಕನೇ ಹೇಳಿದನು. ಹೆದ್ದಾರಿಯಲ್ಲಾಗಿದ್ದರೆ ಕಥೆಯೇ ಬೇರೆ.

ಪರೀಕ್ಷೆಯು ಸುಲಭ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕು ಹಾಕಿ, ಹಿಂಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಜಾಕಿಯಿಂದ ಎತ್ತಿ, ಗಟ್ಟಿಯಾದ ಸ್ಟ್ಯಾಂಡನ್ನು ಕೊಡತಕ್ಕದ್ದು. ಇಟ್ಟಿಗೆಯನ್ನಾಗಲಿ ಸಿಮೆಂಟು ಬ್ಲಾಕನ್ನಾಗಲಿ ಎಂದಿಗೂ ಕೊಡಕೂಡದು. ಭಾರಕ್ಕೆ ಅವು ಒಮ್ಮೆಗೇ ಸಿಡಿಯುತ್ತವೆ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಬೇಕು. ಆಡಿದರೆ, ಮತ್ತೊಬ್ಬನು ಬ್ರೇಕನ್ನು ಒತ್ತಿ ಹಿಡಿಯಲಿ. ಆಟ ನಿಂತರೆ ದೋಷವು ಚಕ್ರದ ಬೇರಿಂಗಿನದು. ನಿಲ್ಲದಿದ್ದರೆ ಕಿಂಗ್ ಪಿನ್ನಿನದು ಅಥವಾ ಬಾಲ್ ಜಾಯಿಂಟಿನದು. ಎಡಬಲಗಳಲ್ಲಿ ಹಿಡಿದು ಅಲುಗಿಸಿದಾಗ ಮಾತ್ರ ಆಡಿದರೆ ಸಾಮಾನ್ಯವಾಗಿ ಟೈರಾಡಿನ ತುದಿಗಳನ್ನು ಸಂಶಯಿಸಬೇಕು. ಸ್ಪ್ರಿಂಗು ಕೆಳತೋಳಿನ ಮೇಲೆ ಕುಳಿತಿರುವ ಗಾಡಿಗಳಲ್ಲಿ ಜಾಕಿಯನ್ನು ಆ ತೋಳಿನ ಕೆಳಗೇ ಕೊಡಬೇಕು. ಚಾಸಿಗೆ ಕೊಟ್ಟರೆ ಸ್ಪ್ರಿಂಗಿನ ಒತ್ತಡವು ಕೀಲನ್ನು ಬಿಗಿಹಿಡಿದು ಸವಕಳಿಯನ್ನು ಮರೆಮಾಡುತ್ತದೆ. ಅನೇಕರು ಮೋಸಹೋಗುವುದು ಇಲ್ಲಿಯೇ.

ಕಿಂಗ್ ಪಿನ್ನನ್ನು ಬದಲಾಯಿಸುವಾಗ ಪಿನ್ನು, ಬುಷ್ಷು, ಥ್ರಸ್ಟ್ ಬೇರಿಂಗುಗಳನ್ನು ಒಟ್ಟಾಗಿಯೇ, ಎರಡು ಪಕ್ಕಕ್ಕೂ ಹಾಕುವುದು ಲೇಸು. ಹೊಸ ಬುಷ್ಷಿನ ರಂಧ್ರವು ಗ್ರೀಸು ನಿಪ್ಪಲಿನ ರಂಧ್ರಕ್ಕೆ ಸರಿಯಾಗಿ ಎದುರಾಗದಿದ್ದರೆ ಎಷ್ಟು ಗ್ರೀಸು ಹೊಡೆದರೂ ಒಳಕ್ಕೆ ಹೋಗದು. ಬುಷ್ಷನ್ನು ರೀಮರಿನಿಂದ ಪಿನ್ನಿನ ಅಳತೆಗೆ ತರಬೇಕೇ ಹೊರತು ಉಪ್ಪುಕಾಗದದಿಂದ ಉಜ್ಜಬಾರದು. ಟೈರಾಡಿನ ತುದಿಯನ್ನು ಬಿಚ್ಚುವಾಗ ಎಷ್ಟು ಸುತ್ತಿಗೆ ಬಂತೆಂದು ಎಣಿಸಿಟ್ಟು, ಹೊಸದನ್ನು ಅಷ್ಟೇ ಸುತ್ತು ತಿರುಗಿಸಬೇಕು. ಸೀಳುಪಿನ್ನು ಹೊಸದೇ ಆಗಿರಲಿ. ರಂಧ್ರಕ್ಕೆ ಹೊಂದದಿದ್ದರೆ ನಟ್ಟನ್ನು ಸಡಿಲಿಸದೆ ಇನ್ನಷ್ಟು ಬಿಗಿದು ಹೊಂದಿಸತಕ್ಕದ್ದು. ತೋಳುಗಳ ರಬ್ಬರು ಬುಷ್ಷುಗಳ ಬೋಲ್ಟನ್ನು ಚಕ್ರಗಳು ನೆಲದ ಮೇಲೆ ಭಾರ ಹೊತ್ತು ನಿಂತ ಬಳಿಕವೇ ಕೊನೆಯ ಬಿಗಿ ಬಿಗಿಯಬೇಕು. ತೂಗಾಡುವಾಗ ಬಿಗಿದರೆ ರಬ್ಬರು ಸದಾ ತಿರುಚಿಕೊಂಡಿದ್ದು ಬೇಗ ಹರಿಯುವುದು. ಸುರುಳಿ ಸ್ಪ್ರಿಂಗುಗಳನ್ನು ಮನೆಯಲ್ಲಿ ಬಿಚ್ಚುವ ಸಾಹಸ ಬೇಡ. ಅದುಮಿದ ಸ್ಪ್ರಿಂಗು ಚಿಮ್ಮಿದರೆ ಕೊಲ್ಲಬಲ್ಲದು.

ಬಾಗಿದ ಅಥವಾ ಬಿರಿದ ಸ್ಟೀರಿಂಗು ಭಾಗಗಳನ್ನು ಕಾಯಿಸಿ ನೇರಮಾಡುವುದೂ ವೆಲ್ಡಿಂಗ್ ಮಾಡಿಸುವುದೂ ನಮ್ಮಲ್ಲಿ ರೂಢಿಯಾಗಿದೆ. ಕುಂಟೆ ನೇಗಿಲುಗಳಿಗೆ ಅದು ಸಲ್ಲಬಹುದು, ಇವಕ್ಕೆ ಸಲ್ಲದು. ಇನ್ನೊಂದು ಬ್ಲೇಡು ಸೇರಿಸಿ ಹೆಚ್ಚು ಹೇರುವ ಉಪಾಯವೂ ಹಾಗೆಯೇ. ಬ್ಲೇಡು ತಡೆದರೂ ಪಿನ್ನು, ಬೇರಿಂಗು, ಬ್ರೇಕುಗಳು ತಡೆಯಲಾರವು. ೧೯೮೮ನೆಯ ಮೋಟಾರು ವಾಹನ ಕಾಯ್ದೆಗೆ ೨೦೧೯ರಲ್ಲಿ ಆದ ತಿದ್ದುಪಡಿಯಂತೆ ಅಧಿಕ ಭಾರಕ್ಕೆ ೨೦,೦೦೦ ರೂಪಾಯಿ, ಅದರ ಮೇಲೆ ಹೆಚ್ಚಾದ ಪ್ರತಿ ಟನ್ನಿಗೂ ೨,೦೦೦ ರೂಪಾಯಿ ದಂಡವುಂಟು. ಒಂದು ಜೊತೆ ಪಿನ್ನು ಬುಷ್ಷುಗಳಿಗೆ ಅಷ್ಟು ವೆಚ್ಚವಾಗುವುದಿಲ್ಲ.

ಕೆಲಸ ಮುಗಿದೊಡನೆ ಚಕ್ರಗಳ ಅಲೈನ್‌ಮೆಂಟನ್ನು ಯಂತ್ರದಲ್ಲಿ ನೋಡಿಸದಿದ್ದರೆ ಹೊಸ ಟೈರೂ ಹಾಳಾಗುವುದು. ಯು-ಬೋಲ್ಟುಗಳನ್ನು ಬಿಚ್ಚಿದ್ದಲ್ಲಿ ಹೊಸವನ್ನೇ ಹಾಕಿಸಿ, ಕೆಲವು ನೂರು ಕಿಲೋಮೀಟರು ಓಡಿದ ಮೇಲೆ ಇನ್ನೊಮ್ಮೆ ಬಿಗಿಸಬೇಕು. ಹಳ್ಳದ ನೀರಿನಲ್ಲಿ ಗಾಡಿ ಇಳಿದಿದ್ದರೆ ಅಂದೇ ಸಂಜೆ ನಿಪ್ಪಲುಗಳಿಗೆ, ಹಳೆಯ ಗ್ರೀಸು ಹೊರಬಂದು ಹೊಸದು ಕಾಣುವವರೆಗೆ, ಗ್ರೀಸು ಹೊಡೆಯತಕ್ಕದ್ದು.