ಚೆನ್ನೈ ಕಡಲಂಚಿನ ಪೇಟೆ: ತೆರವು ಮತ್ತು ಸ್ಥಳನಾಮ

ಕೀಲ್ಪಾಕ್ ಕಡಲಿಗೆ ದೂರ. ಆದರೂ ಅದರ ಹೆಸರಿನಲ್ಲಡಗಿರುವ ‘ಪಾಕ್ಕಂ’ ಶಬ್ದಕ್ಕೆ ತಮಿಳು ನಿಘಂಟುಗಳು ಕಡಲತೀರದ ಊರೆಂಬ ಅರ್ಥವನ್ನೂ ಕೊಡುತ್ತವೆ. ಪೂರ್ವಪದವು ನಮ್ಮ ಹಳಗನ್ನಡದ ‘ಕೀೞ್’ ಶಬ್ದದ ಜ್ಞಾತಿ. ಅರ್ಥ ಸರಿದರೂ ಹೆಸರು ನಿಲ್ಲುವ ಈ ಕ್ರಮ ಬಂದರಿನೆದುರಿನ ಜಾರ್ಜ್ ಟೌನಿನಲ್ಲಿ ಇನ್ನೂ ಸ್ಪಷ್ಟ.

ಅಲ್ಲಿ ನವೀಕರಣವೆಂದರೆ ಮೊದಲಿನಿಂದಲೂ ತೆರವು. ಸೇಂಟ್ ಜಾರ್ಜ್ ಕೋಟೆಯ ಉತ್ತರಕ್ಕಿದ್ದ ಮೊದಲ ‘ಬ್ಲ್ಯಾಕ್ ಟೌನ್’ ಕೋಟೆಯ ರಕ್ಷಣೆಗೆ ಬಯಲು ಬೇಕೆಂದು ನೆಲಸಮವಾಯಿತು. 1746ರಿಂದ 1749ರವರೆಗೆ ಕೋಟೆಯನ್ನು ಹಿಡಿದಿದ್ದ ಫ್ರೆಂಚರು ಆರಂಭಿಸಿದ ಆ ಕೆಲಸವನ್ನು ಆಂಗ್ಲರು ಪೂರೈಸಿದರು. ಬಯಲಿನ ಎಲ್ಲೆಗೆಂದು 1773ರಲ್ಲಿ ನೆಟ್ಟ ಕಂಬಗಳಲ್ಲೊಂದು ಪ್ಯಾರಿಸ್ ಕಾರ್ನರಿನಲ್ಲಿ ಉಳಿದಿದೆ. ಮನೆಗಳಿದ್ದೆಡೆ 1892ರಲ್ಲಿ ಉಚ್ಚ ನ್ಯಾಯಾಲಯದ ಕಟ್ಟಡ ಎದ್ದಿತು. ಅದರಾಚೆಯ ಮುತ್ಯಾಲಪೇಟೆ, ಪೆದ್ದನಾಯಕನಪೇಟೆಗಳೇ ಹೊಸ ಬ್ಲ್ಯಾಕ್ ಟೌನಾದವು. ದೊರೆಯ ಹೆಸರು ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ.

1996ರಲ್ಲಿ ಇಲ್ಲಿಯ ಕೋತವಾಲ್ ಚಾವಡಿಯ ಸಗಟು ತರಕಾರಿ ಮಾರುಕಟ್ಟೆಯನ್ನು ಕೀಲ್ಪಾಕಿಗೂ ಪಶ್ಚಿಮದ ಕೋಯಂಬೇಡಿಗೆ ಸಾಗಿಸಲಾಯಿತು. ಇಕ್ಕಟ್ಟಿನ ಓಣಿಗಳಿಗೆ ಲಾರಿಗಳ ಭಾರ ಮೀರಿತ್ತು. ಆದ್ದರಿಂದ ಸ್ಥಳಾಂತರವನ್ನು ಅನ್ಯಾಯವೆನ್ನಲಾಗದು. ಆದರೆ ಮಳಿಗೆಗಳನ್ನು ಸಾಗಿಸಿದಷ್ಟು ಸುಲಭವಾಗಿ ಮೂಟೆ ಹೊರುವವನ ಬಿಡಾರವನ್ನಾಗಲಿ, ಬಾಯಿಮಾತಿನ ಸಾಲದ ನಂಬುಗೆಯನ್ನಾಗಲಿ ಸಾಗಿಸಲು ಬಾರದು. ನಗರಯೋಜನೆಯ ನಕ್ಷೆಗಳಲ್ಲಿ ಇವಕ್ಕೆ ಗುರುತಿಲ್ಲ. ಕನ್ನಡಿಗರಿಗೂ ಚಿರಪರಿಚಿತವಾದ ‘ಚಾವಡಿ’ ಶಬ್ದವಂತೂ ಹಳೆಯ ಓಣಿಯಲ್ಲಿಯೇ ಉಳಿಯಿತು. ಕೋಯಂಬೇಡಿನ ಮಾರುಕಟ್ಟೆ ಅದನ್ನು ತನ್ನೊಡನೆ ಒಯ್ಯಲಿಲ್ಲ.