ಕುವೈತಿನ ನಕ್ಷೆ, ರಟ್ಟಿನ ಕಾಯಿಗಳು: ಯುದ್ಧದ ಆಟ ಎಷ್ಟು ಜಟಿಲವಾಗಿರಬೇಕು?

ಕುವೈತಿನಿಂದ ನಮ್ಮನ್ನು ಕೇಳುತ್ತಿರುವ ಹಿರಿಯರಿಗೆ 1990ರ ಆಗಸ್ಟ್ 2ರ ಬಗ್ಗೆ ನಾವು ಹೇಳಬೇಕಾಗಿಲ್ಲ. ಅವತ್ತು ನಸುಕಿನಲ್ಲಿ ಇರಾಕಿನ ಸೇನೆ ಗಡಿ ದಾಟಿತು. ಎರಡು ದಿನದಲ್ಲಿ ದೇಶ ಅದರ ವಶವಾಯಿತು.

ಅದೇ ದಿನ ಅಮೆರಿಕದ ರಕ್ಷಣಾ ಇಲಾಖೆ ಮಾರ್ಕ್ ಹರ್ಮನ್ ಎಂಬುವರಿಗೆ ಕರೆ ಮಾಡಿತು. ಇವರು ಬೋರ್ಡ್ ಗೇಮ್‌ಗಳನ್ನು ರೂಪಿಸುವವರು. 1983ರಲ್ಲಿ ಇವರು ತಂದಿದ್ದ ‘ಗಲ್ಫ್ ಸ್ಟ್ರೈಕ್’ ಅಂಗಡಿಯಲ್ಲಿ ಸಿಗುತ್ತಿದ್ದ ಆಟ. ಮುಂದೇನಾಗಬಹುದು ಅಂತ ನೋಡಲು ತಜ್ಞರು ಅಂದೇ ಅದನ್ನು ಮೇಜಿನ ಮೇಲೆ ಹರಡಿ ಆಡಲು ಶುರು ಮಾಡಿದರು.

ಸರ್ಕಾರದ ಬಳಿ ಕಂಪ್ಯೂಟರ್ ಇರಲಿಲ್ವಾ? ಇತ್ತು. ಆದರೂ ರಟ್ಟಿನ ಕಾಯಿಗಳೇ ಯಾಕೆ ಬೇಕಾದವು? ಇಂದಿನ ಕಂತು ಇದರ ಬಗ್ಗೆ.

ಮೊದಲು ಆಟ ಹೇಗಿರುತ್ತೆ ನೋಡೋಣ. ಜೇನುಗೂಡಿನಂತೆ ಷಟ್ಕೋನಗಳಾಗಿ ಭಾಗಿಸಿದ ನಕ್ಷೆ. ಪ್ರತಿ ಕಾಯಿ ಒಂದು ಸೇನಾ ತುಕಡಿ. ಅದರ ಬಲ ಎಷ್ಟು, ಎಷ್ಟು ದೂರ ಸಾಗಬಲ್ಲದು ಅನ್ನೋದು ಮೇಲೆಯೇ ಅಚ್ಚಾಗಿರುತ್ತೆ. ಎರಡು ಕಡೆಯವರ ಬಲದ ಅನುಪಾತ ನೋಡಿ, ದಾಳ ಉರುಳಿಸಿ, ಕೋಷ್ಟಕದಲ್ಲಿ ಫಲಿತಾಂಶ ಓದಬೇಕು. ಇದರ ಮೇಲೆ ವಿಮಾನ, ಹಡಗು, ಇಂಧನ, ಪೂರೈಕೆ ಅಂತ ಸೇರಿಸುತ್ತಾ ಹೋದರೆ ನಿಯಮಪುಸ್ತಕ ದಪ್ಪವಾಗುತ್ತೆ.

ತೊಂದರೆ ಬರೀ ಪುಟಗಳದ್ದಲ್ಲ. ನಿಯಮಗಳು ಒಂದಕ್ಕೊಂದು ತಾಗುತ್ತವೆ. 10 ನಿಯಮಗಳಿದ್ದರೆ 45 ಜೋಡಿಗಳು. 20 ಇದ್ದರೆ 190. ನಿಯಮ ಎರಡು ಪಟ್ಟಾದರೆ ಯೋಚಿಸಬೇಕಾದ ಜೋಡಿಗಳು ನಾಲ್ಕು ಪಟ್ಟಿಗೂ ಹೆಚ್ಚು. ಮೇಜಿನ ಆಟದಲ್ಲಿ ಈ ಲೆಕ್ಕವನ್ನೆಲ್ಲ ಆಟಗಾರರ ತಲೆಯೇ ಮಾಡಬೇಕು.

ಇದರ ತುತ್ತತುದಿ 1979ರ ‘ದ ಕ್ಯಾಂಪೇನ್ ಫಾರ್ ನಾರ್ತ್ ಆಫ್ರಿಕಾ’. ಪೂರ್ತಿ ಆಡಲು ಸುಮಾರು 1500 ಗಂಟೆ ಬೇಕೆಂಬ ಮಾತಿದೆ. ಇಟಲಿಯ ಸೈನಿಕರಿಗೆ ಪಾಸ್ತಾ ಬೇಯಿಸಲು ಹೆಚ್ಚುವರಿ ನೀರು ಕೊಡಬೇಕೆಂಬ ನಿಯಮವೂ ಅದರಲ್ಲಿದೆ! ಮರುಭೂಮಿಯ ಯುದ್ಧದಲ್ಲಿ ನೀರಿನ ಲೆಕ್ಕ ಮುಖ್ಯವೇ. ಆದರೆ ನಿಜವಾದ ಸೇನಾಪತಿ ಪ್ರತಿ ಲೋಟ ನೀರನ್ನು ತಾನೇ ಎಣಿಸುತ್ತಾ ಕೂರುವುದಿಲ್ಲ. ವಿವರ ಹೆಚ್ಚಾದಷ್ಟೂ ಆಟಗಾರ ಸೇನಾಪತಿಯ ಸ್ಥಾನ ಬಿಟ್ಟು ಉಗ್ರಾಣದ ಗುಮಾಸ್ತನಾಗಿಬಿಡುತ್ತಾನೆ.

ಈ ಜಗ್ಗಾಟ ಹಳೆಯದು. 1824ರಲ್ಲಿ ಪ್ರಷ್ಯಾದ ಸೇನೆಗೆ ರೈಸ್‌ವಿಟ್ಜ್ ಎಂಬ ಅಧಿಕಾರಿ ವಿವರವಾದ ನಿಯಮಗಳಿರುವ ‘ಕ್ರೀಗ್‌ಸ್ಪೀಲ್’ ಕೊಟ್ಟರು. 1876ರಲ್ಲಿ ವೆರ್ಡಿ ದು ವೆರ್ನ್ವಾ, ಕೋಷ್ಟಕಗಳನ್ನು ಬದಿಗಿಟ್ಟು ಅನುಭವಿ ತೀರ್ಪುಗಾರನೇ ಫಲಿತಾಂಶ ಹೇಳಲಿ ಅಂದರು. ಆಟ ಚುರುಕಾಯಿತು. ಆದರೆ ತೀರ್ಪುಗಾರನ ಪೂರ್ವಗ್ರಹವೂ ಅದರೊಳಗೆ ಬಂತು; ಬರೆದಿಟ್ಟ ನಿಯಮವನ್ನು ಪ್ರಶ್ನಿಸಿದಷ್ಟು ಸುಲಭವಾಗಿ ಮೇಲಧಿಕಾರಿಯ ಮನಸ್ಸನ್ನು ಪ್ರಶ್ನಿಸಲಾಗದು.

ನಿಯಮ ಕಡಿಮೆ ಅಂದ್ರೆ ಆಟ ಸರಳ ಅಂತಲೂ ಅಲ್ಲ. ನಮ್ಮ ಹುಲಿ-ಕುರಿ ಆಟವನ್ನೇ ನೋಡಿ. ಮೂರು ಹುಲಿ, ಹದಿನೈದು ಕುರಿ, ಐದು ನಿಮಿಷದಲ್ಲಿ ಕಲಿಯಬಹುದು. ಆದರೂ ಹುಲಿಯನ್ನು ಕಟ್ಟಿಹಾಕಲು ಬೆವರು ಸುರಿಸಬೇಕು. ಜೀವವಿಜ್ಞಾನದಲ್ಲೂ ಹೀಗೇ: 1920ರ ದಶಕದಲ್ಲಿ ಲೋಟ್ಕಾ ಮತ್ತು ವೋಲ್ಟೆರಾ ಬೇಟೆಗಾರ ಪ್ರಾಣಿ ಮತ್ತು ಬೇಟೆಯ ಸಂಖ್ಯೆ ಏರಿಳಿಯುವುದನ್ನು ಎರಡೇ ಸಮೀಕರಣಗಳಲ್ಲಿ ತೋರಿಸಿದರು. ಕಾಡಿನ ಮಳೆ, ರೋಗ, ಹುಲ್ಲು ಯಾವುದೂ ಅದರಲ್ಲಿಲ್ಲ. ಏನು ಬಿಟ್ಟಿದ್ದಾರೆ ಅನ್ನೋದು ಕಣ್ಣೆದುರೇ ಇರುವುದರಿಂದ ಆ ಮಾದರಿಯನ್ನು ನಾವು ಇಂದಿಗೂ ಪಾಠ ಮಾಡುತ್ತೇವೆ.

ಈಗ ಗಲ್ಫ್ ಸ್ಟ್ರೈಕ್‌ಗೆ ಮರಳೋಣ. ಅದೂ ಜಟಿಲವಾದ ಆಟವೇ. ಆದರೆ ಅದರ ಜಟಿಲತೆ ಇದ್ದದ್ದು ಆ ದಿನದ ಪ್ರಶ್ನೆಗೆ ಬೇಕಾದ ಜಾಗದಲ್ಲಿ: ಇರಾಕಿನ ಸೇನೆ ಸೌದಿ ಕಡೆಗೆ ಮುಂದುವರಿದರೆ ತಡೆಯಲು ಯಾವ ಪಡೆ, ಎಷ್ಟು ಬೇಗ, ಯಾವ ನೆಲೆಯಿಂದ ಬರಬಲ್ಲದು? ನಕ್ಷೆ, ಭೂ-ವಾಯು-ನೌಕಾ ನಿಯಮಗಳು ಸಿದ್ಧವಿದ್ದವು. ಹೊಂದದ ನಿಯಮ ಇದ್ದರೆ ಪೆನ್ನು ಹಿಡಿದು ಅಲ್ಲೇ ತಿದ್ದಬಹುದು. ಪ್ರತಿ ಲೆಕ್ಕವನ್ನೂ ಕೈಯಾರೆ ಮಾಡುವುದರಿಂದ, ಫಲಿತಾಂಶ ಯಾಕೆ ಹಾಗೆ ಬಂತು ಅನ್ನೋದು ಮೇಜಿನ ಸುತ್ತ ಕೂತವರಿಗೆಲ್ಲ ಗೊತ್ತಿರುತ್ತೆ. ಕಂಪ್ಯೂಟರ್ ಉತ್ತರ ಕೊಡುತ್ತೆ, ಆದರೆ ಅದರೊಳಗಿನ ಊಹೆಗಳು ಅಷ್ಟು ಸುಲಭಕ್ಕೆ ಕಾಣಿಸವು.

ಇನ್ನೊಂದು ಮಾತು. ಅದೇ ಆಗಸ್ಟಿನಲ್ಲಿ ಕುವೈತಿನಲ್ಲಿದ್ದ ಭಾರತೀಯರ ಪ್ರಶ್ನೆ ಬೇರೆಯಾಗಿತ್ತು: ಊರು ಸೇರೋದು ಹೇಗೆ? ಅವರಲ್ಲಿ ನಮ್ಮ ಕರಾವಳಿಯವರೂ ಇದ್ದರು. ಬಹಳಷ್ಟು ಜನ ಇರಾಕ್ ಹಾದು ಜೋರ್ಡಾನಿನ ಅಮ್ಮಾನ್ ತಲುಪಿ ಅಲ್ಲಿಂದ ವಿಮಾನ ಹತ್ತಿದರು. ಸುಮಾರು ಎರಡು ತಿಂಗಳಲ್ಲಿ 1.7 ಲಕ್ಷ ಮಂದಿಯನ್ನು ಕರೆತರಲಾಯಿತು. ಅದನ್ನು ಆಟವಾಗಿ ಮಾಡಿದರೆ ನಕ್ಷೆ ಅದೇ, ಕಾಯಿಗಳು ಬೇರೆ: ಬಸ್ಸು, ಕುಡಿಯುವ ನೀರು, ಪಾಸ್‌ಪೋರ್ಟ್, ವಿಮಾನದ ಸೀಟು. ಟ್ಯಾಂಕುಗಳ ಆಟಕ್ಕೆ ಇನ್ನೂ ನೂರು ಪುಟ ನಿಯಮ ಸೇರಿಸಿದರೂ ಈ ಕುಟುಂಬಗಳು ಅದರಲ್ಲಿ ಕಾಣಿಸುತ್ತಿರಲಿಲ್ಲ.

ಹಾಗಾಗಿ ಮುಂದೆ ಯಾರಾದರೂ ಯುದ್ಧದ್ದೋ ಸಾಂಕ್ರಾಮಿಕ ರೋಗದ್ದೋ ಮಾದರಿಯೊಂದನ್ನು ನಿಮ್ಮ ಮುಂದಿಟ್ಟರೆ, ಅದು ಎಷ್ಟು ವಿವರವಾಗಿದೆ ಅಂತ ಬೆರಗಾಗುವ ಮೊದಲು ಎರಡು ಪ್ರಶ್ನೆ ಕೇಳಿ. ಇದು ಯಾರ ಪ್ರಶ್ನೆಗೆ ಕಟ್ಟಿದ್ದು? ಇದರಲ್ಲಿ ಯಾರಿಗೆ ಕಾಯಿ ಇಲ್ಲ?