ಕೈಬಿಟ್ಟವರು, ಕರೆದುಕೊಂಡವರು

ಹುಮನಾಬಾದಿನ ಸುತ್ತಿನ ಜಾತ್ರೆಗಳಲ್ಲಿ ತೇರಿನ ಸಂಭ್ರಮ ಮುಗಿದ ಮೇಲೆ ಕುಸ್ತಿಯ ಕಣಕ್ಕೆ ಜನ ನೆರೆಯುವುದು ನಮಗೆಲ್ಲ ಪರಿಚಿತವಾದ ನೋಟ. ಸೊಲ್ಲಾಪುರದಿಂದಲೋ ಲಾತೂರಿನಿಂದಲೋ ಒಬ್ಬ ಪೈಲ್ವಾನ ಬರುತ್ತಾನೆ. ಜೋಡಿ ಒಪ್ಪಿಗೆಯಾದರೆ ಕಣಕ್ಕೆ ಇಳಿಯುತ್ತಾನೆ. ಗೆದ್ದರೆ ಬೆಳ್ಳಿಯ ಕಡಗ ತೊಟ್ಟು ಮುಂದಿನ ಊರಿನ ಹಾದಿ ಹಿಡಿಯುತ್ತಾನೆ. ಅವನನ್ನು ತಡೆಯುವವರಿಲ್ಲ.

ಈಗ ಬೇರೊಂದು ಕಟ್ಟಳೆಯನ್ನು ಊಹಿಸಿಕೊಳ್ಳಿ. ಒಮ್ಮೆ ಒಂದು ತಾಲೀಮಿಗೆ ಸೇರಿದ ಹುಡುಗ ಕೊನೆಯವರೆಗೂ ಆ ತಾಲೀಮಿನ ಸೊತ್ತು. ಉಸ್ತಾದ ಮಾರಿದರೆ ಹೋಗಬೇಕು, ಮಾರದಿದ್ದರೆ ಇರಬೇಕು. ತಾನಾಗಿಯೇ ಹೊರಟರೆ ಯಾವ ಜಾತ್ರೆಯಲ್ಲೂ ಅವನಿಗೆ ಜೋಡಿ ಸಿಗದು. ಇದು ಕಟ್ಟುಕಥೆಯಲ್ಲ. ಕೆನಡಾ ಮತ್ತು ಅಮೆರಿಕದಲ್ಲಿ ಹಣಕ್ಕಾಗಿ ಆಡುವ ಐಸ್ ಹಾಕಿಯಲ್ಲಿ 1972ರವರೆಗೆ ಹೆಚ್ಚುಕಡಿಮೆ ಇದೇ ಕಟ್ಟಳೆ ನಡೆದಿತ್ತು.

ಐಸ್ ಹಾಕಿ ನಮ್ಮ ಹಾಕಿಯ ದಾಯಾದಿ ಆಟ. ಹುಲ್ಲಿನ ಬಯಲಿಗೆ ಬದಲು ಹೆಪ್ಪುಗಟ್ಟಿದ ನೀರು. ಚೆಂಡಿಗೆ ಬದಲು ರಬ್ಬರಿನ ಗಟ್ಟಿ ಬಿಲ್ಲೆ. ಕಾಲಿಗೆ ಉಕ್ಕಿನ ಅಲಗಿರುವ ಬೂಟು. ಕಣದಲ್ಲಿ ಗೋಲಿಯೂ ಸೇರಿ ಒಂದು ಕಡೆಗೆ ಆರು ಜನ. ಇದರ ದೊಡ್ಡ ಕೂಟವಾದ ನ್ಯಾಷನಲ್ ಹಾಕಿ ಲೀಗ್ 1917ರಲ್ಲಿ ಹುಟ್ಟಿತು. ಅದರ ಗೆಲುವಿನ ಗುರುತು ಸ್ಟ್ಯಾನ್ಲಿ ಕಪ್. ಆಟಗಾರನ ಕರಾರಿನಲ್ಲಿದ್ದ ಒಂದು ಶರತ್ತಿನ ಬಲದಿಂದ ತಂಡ ಅವನನ್ನು ವರ್ಷದಿಂದ ವರ್ಷಕ್ಕೆ ತನ್ನಲ್ಲೇ ಕಟ್ಟಿಹಾಕಿಕೊಳ್ಳಬಹುದಾಗಿತ್ತು. ಆ ಕಟ್ಟು ಕಳಚಿದವನನ್ನು ಅಲ್ಲಿಯವರು ‘ಫ್ರೀ ಏಜೆಂಟ್’ ಎನ್ನುತ್ತಾರೆ. ಅಂದರೆ ತನ್ನ ಮಾತನ್ನು ತಾನೇ ಆಡಬಲ್ಲ ಬಿಡುಗಡೆಯ ಆಟಗಾರ.

ಕಟ್ಟು ಕಳಚಲು ಕಾರಣವಾದದ್ದು ಎದುರಿಗೆ ಹುಟ್ಟಿಕೊಂಡ ಇನ್ನೊಂದು ಲೀಗು. 1972ರಲ್ಲಿ ಅದರ ವಿನ್ನಿಪೆಗ್ ತಂಡ, ಚಿಕಾಗೊ ಪರವಾಗಿ 15 ವರ್ಷ ಆಡಿ 604 ಗೋಲು ಹೊಡೆದಿದ್ದ ಬಾಬಿ ಹಲ್‌ನನ್ನು ಕರೆಯಿತು. ಸಹಿ ಹಾಕಿದ್ದಕ್ಕೇ 10 ಲಕ್ಷ ಡಾಲರು! ಒಂದು ತಂಡಕ್ಕೆ ಇದು ಹೊರಲಾರದ ಹೊರೆಯಾದ್ದರಿಂದ ಹೊಸ ಲೀಗಿನ ತಂಡಗಳೆಲ್ಲ ಕೂಡಿ ಹಣ ಹೊಂದಿಸಿದುವು. ಅದೇ ವರ್ಷದ ನವೆಂಬರಿನಲ್ಲಿ ಫಿಲಡೆಲ್ಫಿಯಾದ ನ್ಯಾಯಾಧೀಶ ಲಿಯಾನ್ ಹಿಗಿನ್‌ಬಾಥಮ್, ಹಳೆಯ ಶರತ್ತನ್ನು ಮುಂದೊಡ್ಡಿ ಆಟಗಾರರನ್ನು ತಡೆಯಬಾರದೆಂದು ಆಜ್ಞೆ ಮಾಡಿದರು. ಹಲ್ ಇದಕ್ಕೆ ಬೆಲೆಯನ್ನೂ ತೆತ್ತ: ಆ ವರ್ಷ ಸೋವಿಯತ್ ತಂಡದೊಡನೆ ನಡೆದ ಹೆಸರಾಂತ ಸರಣಿಯಲ್ಲಿ ಕೆನಡಾದ ಪರವಾಗಿ ಆಡಲು ಅವನಿಗೆ ಎಡೆ ಸಿಗಲಿಲ್ಲ. ಅವನೊಬ್ಬನ ಸಹಿಯಿಂದ ಹೊಸ ಲೀಗಿಗೆ ಮಾನ ಬಂತು. ಎಲ್ಲ ಆಟಗಾರರ ಸಂಬಳ ಏರಿತು. ಐಸ್ ಹಾಕಿಯ ಮಹಾ ನೇಮಕಗಳ ಪಟ್ಟಿಯಲ್ಲಿ ಹಲ್‌ನ ಹೆಸರು ಮೊದಲು ಬರುವುದು ಇದಕ್ಕಾಗಿಯೇ.

ಆದರೆ ಹಣ ಸುರಿದ ಮಾತ್ರಕ್ಕೆ ಒಳ್ಳೆಯ ನೇಮಕವಾಗುವುದಿಲ್ಲ. ಸೇಂಟ್ ಲೂಯಿಸ್ ತಂಡದ ಕಥೆ ಇದಕ್ಕೆ ಸಾಕ್ಷಿ. 1990ರಲ್ಲಿ ಅದು ವಾಷಿಂಗ್ಟನ್ನಿನಿಂದ ಸ್ಕಾಟ್ ಸ್ಟೀವನ್ಸ್ ಎಂಬ ಬಲಿಷ್ಠ ರಕ್ಷಣೆಗಾರನನ್ನು ಕರೆತಂದಿತು. ಆಗಿನ ನಿಯಮದಂತೆ ಹಳೆಯ ತಂಡಕ್ಕೆ ಪರಿಹಾರ ಸಲ್ಲಬೇಕು. ಹೊಸ ಹುಡುಗರನ್ನು ಆರಿಸಿಕೊಳ್ಳುವ ತನ್ನ ಐದು ಮೊದಲ ಸರದಿಗಳನ್ನು ಸೇಂಟ್ ಲೂಯಿಸ್ ಬಿಟ್ಟುಕೊಟ್ಟಿತು. ಮರುವರ್ಷ ನ್ಯೂಜೆರ್ಸಿಯಿಂದ ಬ್ರೆಂಡನ್ ಶಾನಹಾನ್‌ನನ್ನೂ ಸೆಳೆಯಿತು. ಈ ಸಲ ಪಂಚಾಯ್ತಿಗೆ ಕೂತವರು, ಪರಿಹಾರವಾಗಿ ಸ್ಟೀವನ್ಸ್‌ನನ್ನೇ ನ್ಯೂಜೆರ್ಸಿಗೆ ಕೊಡಬೇಕೆಂದು ತೀರ್ಪಿತ್ತರು. ಅವನ ನಾಯಕತ್ವದಲ್ಲಿ ನ್ಯೂಜೆರ್ಸಿ 1995, 2000 ಮತ್ತು 2003ರಲ್ಲಿ ಕಪ್ ಗೆದ್ದಿತು. ಕರೆದುಕೊಂಡವರಿಗೆ ದಕ್ಕದ ಫಲ ಕೇಳಿ ಪಡೆದವರಿಗೆ ದಕ್ಕಿತು.

ಇನ್ನು ಹಣದ ಮಾತೇ ದೊಡ್ಡದಾಗದ ನೇಮಕವೊಂದಿದೆ. ಮಾರ್ಟಿನ್ ಸೇಂಟ್ ಲೂಯಿ 5 ಅಡಿ 8 ಅಂಗುಲದ ಆಳು. ಮೈಕಟ್ಟನ್ನೇ ಮೊದಲು ಅಳೆಯುವ ಆ ಆಟದಲ್ಲಿ ಹುಡುಗರ ಆಯ್ಕೆಯ ಸಂದರ್ಭದಲ್ಲಿ ಯಾವ ತಂಡವೂ ಅವನ ಹೆಸರು ಕೂಗಲಿಲ್ಲ. 1998ರಲ್ಲಿ ಸೇರಿಸಿಕೊಂಡ ಕ್ಯಾಲ್ಗರಿ ತಂಡವೂ 2000ದಲ್ಲಿ ಕೈಬಿಟ್ಟಿತು. ಅದೇ ವರ್ಷ ಟ್ಯಾಂಪಾ ಬೇ ಕರೆದುಕೊಂಡಿತು. ನಾಲ್ಕು ವರ್ಷ ಕಳೆಯುವುದರೊಳಗೆ ಅವನು ಇಡೀ ಲೀಗಿನಲ್ಲಿ ಅತಿ ಹೆಚ್ಚು ಅಂಕ ಗಳಿಸಿದ, ಅತ್ಯಮೂಲ್ಯ ಆಟಗಾರನೆನಿಸಿದ, 2004ರಲ್ಲಿ ಟ್ಯಾಂಪಾ ಬೇ ಕಪ್ ಗೆದ್ದಿತು. ಸೋಜಿಗವೆಂದರೆ, ಆ ಕೊನೆಯ ಸುತ್ತಿನಲ್ಲಿ ಸೋತ ತಂಡ ಕ್ಯಾಲ್ಗರಿಯೇ.

2005ರ ಒಪ್ಪಂದ ತಂಡಗಳ ಸಂಬಳದ ಒಟ್ಟು ಮೊತ್ತಕ್ಕೆ ಮಿತಿ ಹಾಕಿತು. ಪೂರ್ಣ ಬಿಡುಗಡೆಯ ವಯಸ್ಸನ್ನು ಹಂತ ಹಂತವಾಗಿ 27ಕ್ಕೆ ಇಳಿಸಿತು. ಅಂದಿನಿಂದ ಒಬ್ಬನನ್ನು ಉಳಿಸಿಕೊಳ್ಳಬೇಕಾದರೆ ಇನ್ನೊಬ್ಬನನ್ನು ಬಿಡಬೇಕಾದ ಇಕ್ಕಟ್ಟು ಹೆಚ್ಚಿತು. 2006ರಲ್ಲಿ ಒಟ್ಟಾವ ತಂಡ ವೇಡ್ ರೆಡನ್‌ನನ್ನು ಉಳಿಸಿಕೊಂಡು 6 ಅಡಿ 9 ಅಂಗುಲದ ಝ್ಡೇನೊ ಖಾರನನ್ನು ಹೋಗಗೊಟ್ಟಿತು. ಬಾಸ್ಟನ್ ಅವನನ್ನು ನಾಯಕನನ್ನಾಗಿ ಮಾಡಿ, 39 ವರ್ಷಗಳ ತರುವಾಯ, 2011ರಲ್ಲಿ ಕಪ್ ಕಂಡಿತು. ಸ್ಕಾಟ್ ನೀಡರ್‌ಮಯರ್ 2005ರಲ್ಲಿ ಅನಾಹೈಮಿಗೆ ಹೋದದ್ದು ಅಲ್ಲಿ ತಮ್ಮ ರಾಬ್ ಆಡುತ್ತಿದ್ದನೆಂದು. 2007ರಲ್ಲಿ ಅಣ್ಣತಮ್ಮಂದಿರಿಬ್ಬರೂ ಕೂಡಿ ಕಪ್ ಎತ್ತಿದರು.

ಇಷ್ಟನ್ನು ಕೇಳಿದ ಬಸವಕಲ್ಯಾಣದವರು, ‘ಆ ಹಿಮದ ನಾಡಿನ ವ್ಯವಹಾರ ನಮಗೇಕೆ?’ ಎನ್ನಬಹುದು. ಆದರೆ ಹಿಮದ ನಾಡಿನಿಂದಲೇ ಹೊರಟು, ಯಾರ ಕಟ್ಟಿಗೂ ಸಿಗದೆ ಅಲೆದು, ಕೊನೆಗೆ ಇದೇ ಊರಿನಲ್ಲಿ ನೆಲೆ ಕಂಡ ಒಬ್ಬನಿದ್ದಾನೆ. ಅವನೇ ಬಿಲ್ಹಣ. ಶ್ರೀನಗರದ ಹತ್ತಿರದ ಖೋನಮುಖದವನು. 11ನೆಯ ಶತಮಾನದಲ್ಲಿ ಕಾಶ್ಮೀರ ಬಿಟ್ಟವನು ಮಥುರೆ, ಕನೌಜ್, ಕಾಶಿಗಳನ್ನು ದಾಟಿದ. ಡಾಹಲದ ಕರ್ಣನ ಆಸ್ಥಾನದಲ್ಲಿ ಕೆಲಕಾಲ ನಿಂತ. ಗುಜರಾತು ಅವನಿಗೆ ಹಿಡಿಸಲಿಲ್ಲ. ಕಡೆಗೆ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯ ಅವನನ್ನು ಕರೆದು ವಿದ್ಯಾಪತಿಯ ಪದವಿ ಕೊಟ್ಟ. ಕರ್ಣಾಟದಲ್ಲಿ ಆನೆಯ ಮೇಲೆ ಸಾಗುವಾಗ ಬಿಲ್ಹಣನ ಕೊಡೆ ರಾಜನ ಮುಂದೆಯೇ ಮೆರೆಯುತ್ತಿತ್ತೆಂದು ಕಲ್ಹಣ ತನ್ನ ರಾಜತರಂಗಿಣಿಯಲ್ಲಿ ಹೇಳಿದ್ದಾನೆ.

ರಾಜನಿಗೆ ದೊರೆತ ಪ್ರತಿಫಲವೇನು? 18 ಸರ್ಗಗಳ ವಿಕ್ರಮಾಂಕದೇವಚರಿತ. 1874ರಲ್ಲಿ ಜೈಸಲ್ಮೇರಿನ ಭಂಡಾರದಲ್ಲಿ ಜರ್ಮನಿಯ ವಿದ್ವಾಂಸ ಬ್ಯೂಲರ್ ಅದರ ಹಸ್ತಪ್ರತಿಯನ್ನು ಕಂಡು ಮರುವರ್ಷ ಅಚ್ಚು ಹಾಕಿಸಿದ. ಆನೆ ಹೋಯಿತು, ಕೊಡೆ ಹೋಯಿತು. ಅರಸನ ಕಥೆ ಮಾತ್ರ ಕವಿಯ ಕೈಯಲ್ಲಿ ಉಳಿಯಿತು. ಆದರೂ ಕಾಶ್ಮೀರದಲ್ಲಿ ಹರ್ಷನೆಂಬ ಅರಸು ಕವಿಗಳಿಗೆ ಬಂಧುವಿನಂತಿದ್ದಾನೆಂದು ಕೇಳಿದಾಗ ಬಿಲ್ಹಣನಿಗೆ ಕಲ್ಯಾಣದ ವೈಭವವೆಲ್ಲ ಹುಸಿಯೆನಿಸಿತೆಂದೂ ಕಲ್ಹಣನೇ ಬರೆದಿದ್ದಾನೆ. ಬಿಡುಗಡೆಯ ಮನುಷ್ಯನಿಗೂ ತವರಿನ ಸೆಳೆತ ತಪ್ಪಿದ್ದಲ್ಲ. ಅವನ ಊರು ಅವನನ್ನು ಸಕಾಲದಲ್ಲಿ ಗುರುತಿಸಿದ್ದರೆ ಈ ಹಂಬಲ ಬೇಕಾಗಿತ್ತೆ?

ಅದೇ ವಿಕ್ರಮಾದಿತ್ಯನ ಕಾಲದಲ್ಲಿ, ಅದೇ ಕಲ್ಯಾಣದಲ್ಲಿ, ವಿಜ್ಞಾನೇಶ್ವರ ಮಿತಾಕ್ಷರಾ ಎಂಬ ಧರ್ಮಶಾಸ್ತ್ರದ ವ್ಯಾಖ್ಯಾನವನ್ನು ಬರೆದ. ಆಸ್ತಿಯ ಪಾಲಿನ ವಿಷಯದಲ್ಲಿ ಬಂಗಾಳವನ್ನು ಬಿಟ್ಟರೆ ದೇಶದ ಬಹುಭಾಗದ ನ್ಯಾಯಾಲಯಗಳು ಅದನ್ನು ಆಧಾರವಾಗಿ ಹಿಡಿದುವು. ಅವನು ಕಾಶ್ಮೀರದವನಲ್ಲ, ಇಂದಿನ ಕಲಬುರಗಿ ಜಿಲ್ಲೆಯ ಮರತೂರಿನವನೆಂದು ವಿದ್ವಾಂಸರು ಹೇಳುತ್ತಾರೆ. ದೂರದವನನ್ನು ಕರೆದ ಕಣ್ಣಿಗೆ ನೆರೆಯವನೂ ಕಂಡ!

ಈಗ ಹುಮನಾಬಾದಿನ ಬಸ್ ನಿಲ್ದಾಣದಿಂದ ನಮ್ಮ ಮಕ್ಕಳು ಹೈದರಾಬಾದಿಗೆ, ಪುಣೆಗೆ ಹೊರಡುತ್ತಾರೆ. ಹೊರಡುವುದು ಅವರ ಹಕ್ಕು. ಅದನ್ನು ತಡೆಯುವ ಕಟ್ಟಳೆ ಎಷ್ಟು ಕೆಟ್ಟದ್ದೆಂಬುದನ್ನು ಮೇಲೆ ಕಂಡೆವು. ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ಗಿಡ್ಡನೆಂದೋ, ಬಡವನೆಂದೋ, ಪಕ್ಕದ ಮನೆಯವನೆಂದೋ ನಾವು ಕೈಬಿಟ್ಟ ಹುಡುಗ ಯಾರು? ಮುಂದಿನ ಜಾತ್ರೆಯಲ್ಲಿ ಪರವೂರಿನ ಪೈಲ್ವಾನನಿಗೆ ಕಡಗ ತೊಡಿಸುವಾಗ, ಕಣದ ಅಂಚಿನಲ್ಲಿ ನಿಂತು ನೋಡುತ್ತಿರುವ ನಮ್ಮೂರ ಹುಡುಗನ ಕಡೆಗೂ ಒಮ್ಮೆ ಕಣ್ಣು ಹೊರಳಲಿ.